ಒಂದು ಕಣ್ಣು ಮುಚ್ಚಿ ನೋಡುವ ಆಟ

ನನ್ನ ಮೊಮ್ಮಗಳ ಎಡಗಣ್ಣಿಗೆ ನೋಟ ಬಂತು!

ಇವತ್ತು ಬೆಳಿಗ್ಗೆ ಹನ್ನೊಂದೂವರೆಗೆ ಡಾಕ್ಟರಮ್ಮನೇ ಬಾಯಿಬಿಟ್ಟು ಹೇಳಿದರು. ಬಲಗಣ್ಣು ಮುಚ್ಚಿಸಿ, ಎದುರು ಗೋಡೆ ಮೇಲೆ ಒಂದೊಂದೇ ಚಿತ್ರ ತೋರಿಸಿದರು. ಮೂರೂವರೆ ವರ್ಷದ ಚಿನ್ನಿ ಕುರ್ಚಿ ಮೇಲೆ ಕಾಲಾಡಿಸಿಕೊಂಡು, "ಮನೆ... ಸೇಬು... ಇನ್ನೊಂದ್ ಮನೆ..." ಅಂತ ಹೇಳುತ್ತಾ ಹೋದಳು. ದುಂಡಗಿನದು ಒಂದು ಬಂತು. ಸ್ವಲ್ಪ ಹೊತ್ತು ಯೋಚನೆ ಮಾಡಿ "ಮುದ್ದೆ!" ಅಂದಳು. ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. "ಚೆಂಡು ಅಂತಾರೆ, ಲಾಡು ಅಂತಾರೆ. ಮುದ್ದೆ ಅಂದಿದ್ದು ನೀನೇ ಮೊದ್ಲು ಕಣೇ" ಅಂದರು. ಚಿತ್ರಗಳು ಸಣ್ಣಗಾಗುತ್ತಾ ಹೋದವು. ಇವಳು ನಿಲ್ಲಿಸಲೇ ಇಲ್ಲ. ಕೊನೆ ಸಾಲು ನನಗೇ ಕಾಣಿಸಲಿಲ್ಲ, ಅವಳಿಗೆ ಕಾಣಿಸಿತು.

"ಇನ್ನು ಕಣ್ಣಿಗೆ ಪ್ಯಾಚ್ ಅಂಟಿಸಿದ್ದು ಸಾಕು ತಾತ. ಕನ್ನಡಕ ಮಾತ್ರ ಬಿಡಬೇಡಿ. ಮೂರು ತಿಂಗಳು ಬಿಟ್ಟು ಬಂದು ತೋರಿಸಿ" ಅಂದರು. ನಾನು ಕೈ ಮುಗಿಯೋಕೆ ಹೋಗಿ ಅವರ ಮೇಜಿನ ಮೇಲಿದ್ದ ಪೆನ್ನಿನ ಡಬ್ಬ ಬೀಳಿಸಿದೆ. ಸಂತೋಷಕ್ಕೆ ಅಲ್ಲ, ಅದು ನನ್ನ ಹಳೇ ರೋಗ. ಅದನ್ನೂ ಹೇಳುತ್ತೇನೆ.

ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವನು. ಆದರೂ ಕೂತು ಬರೆಯುತ್ತಿದ್ದೇನೆ. ಯಾಕೆ ಅಂದರೆ, ಮಗ ಸೊಸೆ ಕೆಲಸಕ್ಕೆ ಹೋದಮೇಲೆ ಬಾಗಿಲು ಹಾಕಿಕೊಂಡು ಮಗು ನೋಡಿಕೊಳ್ಳೋ ನನ್ನಂಥವರು ಈ ದಾಸರಹಳ್ಳಿಯಲ್ಲಿ ಬೀದಿಗೆ ಹತ್ತು ಜನ ಇದ್ದಾರೆ. ಅವರಲ್ಲಿ ಯಾರಾದರೂ ಒಬ್ಬರು, ಅಳೋ ಮಗುವನ್ನು ಎದುರಿಗೆ ಕೂರಿಸಿಕೊಂಡು, ಲೋಕದಲ್ಲಿ ಈ ಕಷ್ಟ ನನಗೊಬ್ಬನಿಗೇ ಅಂದುಕೊಂಡಿರಬಹುದು. ನಾನು ಹಾಗೇ ಅಂದುಕೊಂಡಿದ್ದೆ.

ನನ್ನ ಹೆಸರು ಗಂಗಣ್ಣ. ಹುಟ್ಟಿದ್ದು ಮಾಕಳಿಯಲ್ಲಿ. ಮೂವತ್ತಾರು ವರ್ಷ ಪೀಣ್ಯದಲ್ಲಿ ಟರ್ನರ್ ಆಗಿ, ಕಬ್ಬಿಣ ಕಡೆಯೋ ಲೇತ್ ಮೆಷಿನ್ ಓಡಿಸಿದೆ. ಮೆಷಿನ್ನಿಂದ ಇಳಿಸಿದ ರಾಡನ್ನು ಅಳತೆಗೆ ಕೊಡೋ ಮೊದಲು ನಾವು ಟ್ಯೂಬ್‌ಲೈಟಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಈ ತುದಿಯಿಂದ ಆ ತುದಿವರೆಗೆ ನೋಡುತ್ತೇವೆ. ಕೂದಲೆಳೆಯಷ್ಟು ಸೊಟ್ಟ ಇದ್ದರೂ ಸಿಕ್ಕಿಬೀಳುತ್ತೆ. ನನ್ನ ಕಣ್ಣಳತೆ ನಮ್ಮ ಮೆಷಿನ್ ಶಾಪಿನಲ್ಲೇ ಹೆಸರುವಾಸಿ. ಹೊಸಬರು ತಾವು ಕಡೆದ ಜಾಬ್ ತಂದು, "ಗಂಗಣ್ಣ, ಒಂದ್ಸಲ ಕಣ್ಣಾಡಿಸಿ" ಅನ್ನೋರು. ಅದೊಂದು ಹೆಮ್ಮೆ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ನಮ್ಮನೆಯವಳು ತೀರಿಹೋಗಿ ಆರು ವರ್ಷ. ಮಗ ಮಂಜು ಪೀಣ್ಯದಲ್ಲೇ ಪ್ಯಾಕಿಂಗ್ ಕಂಪನಿಯಲ್ಲಿ ಶಿಫ್ಟ್ ಕೆಲಸ ಮಾಡುತ್ತಾನೆ. ಸೊಸೆ ಸವಿತಾ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಚಿನ್ನಿಗೆ ಒಂಬತ್ತು ತಿಂಗಳಾದಾಗ ಸವಿತಾ ಮತ್ತೆ ಕೆಲಸಕ್ಕೆ ಸೇರಿದಳು. ಅವತ್ತಿನಿಂದ ಎರಡನೇ ಮಹಡಿಯ ಈ ಮನೆಯಲ್ಲಿ ಹಗಲೆಲ್ಲಾ ನಾನು, ಚಿನ್ನಿ ಇಬ್ಬರೇ. ಮುದುಕನಾದವನಿಗೆ ಇದಕ್ಕಿಂತ ಒಳ್ಳೆ ಕೆಲಸ ಇನ್ನೇನಿದೆ ಹೇಳಿ.

ನಡೆಯೋಕೆ ಕಲಿತ ಮೇಲೆ ಒಂದು ದಿನ ಅವಳನ್ನು ತಾರಸಿಗೆ ಕರೆದುಕೊಂಡು ಹೋಗಿದ್ದೆ. ಬಿಸಿಲಿಗೆ ಬಂದ ತಕ್ಷಣ ಎಡಗಣ್ಣು ಮುಚ್ಚಿ, ಕತ್ತು ಓರೆ ಮಾಡಿ ನನ್ನನ್ನು ನೋಡಿದಳು. ನಾನು ರಾಡ್ ನೋಡುತ್ತಿದ್ದ ಹಾಗೇ! ನನಗಾದ ಸಂತೋಷ ಏನು ಹೇಳಲಿ. ಪೊರಕೆಯಿಂದ ಒಂದು ಕಡ್ಡಿ ಕಿತ್ತು ಕೈಗೆ ಕೊಟ್ಟು, "ಎಲ್ಲಿ, ತಾತನ್ ತರ ನೋಡು, ಸೊಟ್ಟ ಐತಾ ನೆಟ್ಟಗೈತಾ?" ಅಂದೆ. ಅವಳು ಎಡಗಣ್ಣು ಮುಚ್ಚಿಕೊಂಡು ಕಡ್ಡಿ ನೋಡಿದಳು. "ತೊತ್ತ" ಅಂದಳು. ಅಂದಿನಿಂದ ಅದೇ ನಮ್ಮ ಆಟ. ಬಂದವರಿಗೆಲ್ಲ ತೋರಿಸುತ್ತಿದ್ದೆ. ಕೆಳಗಿನ ಮನೆ ಜಯಮ್ಮನಿಗೆ, ಹಾಲಿನವನಿಗೆ, ಹಳೇ ಶಾಪಿನ ಗೆಳೆಯರಿಗೆ. "ನೋಡ್ರೋ, ನನ್ನ ಮೊಮ್ಮಗಳು ಹುಟ್ತಾನೇ ಟರ್ನರ್" ಅಂತ.

ಮೊದಲು ಅನುಮಾನ ಬಂದಿದ್ದು ಸವಿತಾಗೆ. ಒಂದು ಭಾನುವಾರ ಮಗುವಿಗೆ ತಲೆ ಬಾಚುತ್ತಾ, "ಮಾವ, ಇವಳ ಎಡಗಣ್ಣು ಒಂದೊಂದ್ ಸಲ ಪಕ್ಕಕ್ಕೆ ಹೋದಂಗೆ ಕಾಣುತ್ತೆ. ಡಾಕ್ಟ್ರಿಗೆ ತೋರಿಸೋಣ್ವಾ?" ಅಂದಳು.

"ಅಯ್ಯೋ ಏನೂ ಇಲ್ಲ ಕಣಮ್ಮ. ಅದು ನನ್ನ ನೋಟ. ನನ್ನಂಗೇ ನೋಡ್ತಾಳೆ."

"ಲೋಟ ಕೊಟ್ರೆ ಪಕ್ಕಕ್ಕೆ ಕೈ ಹಾಕ್ತಾಳೆ ಮಾವ. ಮೆಟ್ಟಿಲು ಇಳಿಯೋಕೆ ಹೆದರ್ತಾಳೆ."

"ಮಕ್ಳು ಅಂದ್ಮೇಲೆ ಎಡವಲ್ವಾ? ನಾನೂ ಅಂಗೇ ಇದ್ದೆ."

ಮಂಜು ಪೇಪರ್ ನೋಡುತ್ತಾ, "ಅಪ್ಪನ ಕಣ್ಣಳತೆ ತಪ್ಪಲ್ಲ ಬಿಡೇ" ಅಂದುಬಿಟ್ಟ. ಅವಳು ಬಾಚಣಿಗೆ ಕೆಳಗಿಟ್ಟಳು. ಆಮೇಲೂ ಎರಡು ಮೂರು ಸಲ ಹೇಳಿದಳು. ನಾನು ಪ್ರತಿ ಸಲ ಅದೇ ಪದ ಹಾಡಿದೆ.

ಹೀಗೆ ಎಂಟು ತಿಂಗಳು ಹೋಯಿತು. ಎರಡು ವರ್ಷ ತುಂಬಿದಾಗ ಜ್ವರ ಬಂತು ಅಂತ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಅವರು ಗಂಟಲು ನೋಡೋಕೆ ಟಾರ್ಚ್ ಹಾಕಿದವರು ಕಣ್ಣಿಗೂ ಹಾಕಿದರು. ಮತ್ತೆ ಹಾಕಿದರು. "ಜ್ವರ ಹೋಗುತ್ತೆ. ನಾಳೆನೇ ಕಣ್ಣಾಸ್ಪತ್ರೆಗೆ ಕರ್ಕೊಂಡ್ ಹೋಗಿ" ಅಂದರು.

ಮೆಟ್ರೋ ಹತ್ತಿ ಊರೊಳಗಿನ ದೊಡ್ಡ ಕಣ್ಣಾಸ್ಪತ್ರೆಗೆ ಹೋದೆವು. ಮಕ್ಕಳ ವಿಭಾಗದಲ್ಲಿ ಕೂರೋಕೆ ಜಾಗ ಇರಲಿಲ್ಲ. ಹಸುಗೂಸುಗಳಿಗೆಲ್ಲ ಕನ್ನಡಕ! ಕಿವಿ ಇನ್ನೂ ಗಟ್ಟಿಯಾಗಿಲ್ಲ, ಹಿಂದೆ ಎಲಾಸ್ಟಿಕ್ ಕಟ್ಟಿದ್ದಾರೆ. ಚಿನ್ನಿಗೆ ಉರಿಯೋ ಡ್ರಾಪ್ಸ್ ಹಾಕಿ, ಕಣ್ಣು ಅರಳಲಿ ಅಂತ ಕೂರಿಸಿದರು. ಆಮೇಲೆ ಒಳಗೆ ಕರೆದರು. ಡಾಕ್ಟರಮ್ಮ ಅವಳಿಗೆ ಒಂದು ಬೊಂಬೆ ತೋರಿಸಿ, ಎಡಗಣ್ಣನ್ನು ಅಂಗೈಯಲ್ಲಿ ಮುಚ್ಚಿದರು. ಚಿನ್ನಿ ನಗುತ್ತಾ ಬೊಂಬೆಗೆ ಕೈ ಚಾಚಿದಳು. ಬಲಗಣ್ಣು ಮುಚ್ಚಿದರು. ತಕ್ಷಣ ಕಿಟಾರನೆ ಕಿರುಚಿ ಅವರ ಕೈ ತಳ್ಳಿದಳು. ಮತ್ತೆ ಮುಚ್ಚಿದರು, ಮತ್ತೆ ತಳ್ಳಿದಳು. ಯಾರೂ ಏನೂ ವಿವರಿಸಬೇಕಾಗಿರಲಿಲ್ಲ.

"ಎಡಗಣ್ಣು ಕೆಟ್ಟೋಗಿಲ್ಲ. ಅದು ನೋಡೋದನ್ನ ಕಲೀಲೇ ಇಲ್ಲ. ಬಲಗಣ್ಣು ಎಲ್ಲಾ ಕೆಲಸ ಮಾಡ್ಬಿಡ್ತಿದೆ" ಅಂದರು ಡಾಕ್ಟರಮ್ಮ. "ಕನ್ನಡಕ ಹಾಕಿ, ದಿನಾ ಬಲಗಣ್ಣಿಗೆ ಪ್ಯಾಚ್ ಅಂಟಿಸಿ ಎಡಗಣ್ಣಿಗೆ ಕೆಲಸ ಕಲಿಸ್ಬೇಕು. ಬೇಗ ಬಂದಷ್ಟೂ ಒಳ್ಳೇದಿತ್ತು. ಯಾವಾಗಿಂದ ಗಮನಿಸಿದ್ರಿ?"

ಸವಿತಾ ನನ್ನ ಕಡೆ ನೋಡಲಿಲ್ಲ. "ಎಂಟು ತಿಂಗಳಿಂದ ಹೇಳ್ತಾನೇ ಇದೀನಿ ಮೇಡಂ" ಅಂದಳು.

"ಮನೇಲಿ ಯಾರಿಗಾದ್ರೂ ಹೀಗೆ ಇತ್ತಾ?"

"ಯಾರಿಗೂ ಇಲ್ಲ ಮೇಡಂ." ನಾನೂ ಇಲ್ಲ ಅಂತಲೇ ತಲೆಯಾಡಿಸಿದೆ. ಸುಳ್ಳು ಹೇಳಲಿಲ್ಲ, ನನಗೆ ಗೊತ್ತಿರಲಿಲ್ಲ.

ಆ ದಿನದಿಂದ ನಮ್ಮ ಮನೆಯಲ್ಲಿ "ಮಾವ" ಅನ್ನೋ ಮಾತು ನಿಂತುಹೋಯಿತು. ಜಗಳ ಆಡಿದ್ದರೆ ಚೆನ್ನಾಗಿತ್ತು. ಸವಿತಾ ಜಗಳ ಆಡಲಿಲ್ಲ. ಬೆಳಿಗ್ಗೆ ಕಾಫಿ ಕೈಗೆ ಕೊಡುತ್ತಿದ್ದವಳು ಒಲೆ ಪಕ್ಕ ಇಟ್ಟು ಹೋಗೋಳು. ನಾನು ಎದುರಿಗೇ ಕೂತಿದ್ದರೂ ಮಂಜು ಕಡೆ ತಿರುಗಿ, "ರೀ, ಅವರಿಗೆ ಹೇಳಿ, ಹತ್ತು ಗಂಟೆಗೆ ಪ್ಯಾಚ್ ಹಾಕ್ಬೇಕು ಅಂತ" ಅನ್ನೋಳು. ಮಂಜು ನನ್ನ ಕಡೆ ತಿರುಗಿ, "ಅಪ್ಪ, ಹತ್ತು ಗಂಟೆಗಂತೆ" ಅನ್ನೋನು. ಊಟಕ್ಕೂ ಒಟ್ಟಿಗೆ ಕೂರೋದು ತಪ್ಪಿತು. ಅವರವರ ಶಿಫ್ಟು, ಅವರವರ ತಟ್ಟೆ. ನಾನು ಅಡುಗೆಮನೆ ಹೊಸ್ತಿಲಲ್ಲಿ ಒಬ್ಬನೇ ಕೂತು ಉಣ್ಣುತ್ತಿದ್ದೆ. ಅವಳ ಮೇಲೆ ನನಗೆ ಕೋಪ ಬರಲಿಲ್ಲ. ತಾಯಿ ಅವಳು. ಮಗುವಿನ ಎಂಟು ತಿಂಗಳು ನಾನು ಕಳೆದಿದ್ದೆ.

ಆದರೆ ನಿಜವಾಗಿ ನನ್ನನ್ನು ಒಂಟಿ ಮಾಡಿದ್ದು ಸವಿತಾ ಅಲ್ಲ, ಚಿನ್ನಿ.

ಪ್ಯಾಚ್ ಅಂದರೆ ಚರ್ಮಕ್ಕೆ ಅಂಟೋ ಪಟ್ಟಿ. ಅದನ್ನು ಅಂಟಿಸಿದರೆ ಮಗುವಿಗೆ ಲೋಕವೇ ಮಸುಕು. ಎರಡು ವರ್ಷದ ಕೂಸಿಗೆ ಹೇಗೆ ಹೇಳೋದು, ನಿನ್ನ ಒಳ್ಳೆಯದಕ್ಕೇ ಕಣೇ ಅಂತ? ಅವಳಿಗೆ ಕಾಣೋದು ಇಷ್ಟೇ, ದಿನಾ ಅಪ್ಪ ಅಮ್ಮ ಹೋದಮೇಲೆ ತಾತ ಬಂದು ಕಣ್ಣು ಮುಚ್ಚಿಬಿಡುತ್ತಾನೆ. ಕೈ ಕಾಲು ಬಡಿದು ಅಳುತ್ತಿದ್ದಳು. ಕಿತ್ತು ಬಿಸಾಡುತ್ತಿದ್ದಳು. ಕೈಗೆ ಕಾಲುಚೀಲ ಹಾಕಿ ನೋಡಿದೆ. ತೆಗೆಯುವಾಗ ಹುಬ್ಬಿನ ಕೂದಲು ಸಮೇತ ಬರೋದು, ಕೊಬ್ಬರಿ ಎಣ್ಣೆ ಸವರಿ ಬಿಡಿಸೋದನ್ನು ಕಲಿಯೋಕೇ ತಿಂಗಳಾಯಿತು.

ನಾನು ಇನ್ನೊಂದು ತಪ್ಪು ಮಾಡಿದೆ. ಪ್ಯಾಚುಗಳನ್ನು ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟೆ, ಡಬ್ಬ ನೋಡಿ ಖುಷಿಯಾಗಿ ಬರಲಿ ಅಂತ. ನಾಲ್ಕೇ ದಿನಕ್ಕೆ ಅವಳು ಬಿಸ್ಕತ್ತಿನ ಡಬ್ಬಕ್ಕೇ ಹೆದರೋಕೆ ಶುರು ಮಾಡಿದಳು. ಮುಚ್ಚಳದ ಸದ್ದಾದರೆ ಸಾಕು, ಮಂಚದ ಕೆಳಗೆ ನುಗ್ಗಿ, "ತಾತ ಬೇಡ, ತಾತ ಬೇಡ" ಅನ್ನೋಳು. ಮೊದಲು ನನ್ನ ತೊಡೆ ಬಿಟ್ಟು ಇಳಿಯದ ಮಗು. ಮನೆಯಲ್ಲಿ ನನ್ನ ಜೊತೆ ಮಾತಾಡುತ್ತಿದ್ದ ಒಂದೇ ಜೀವ.

ಅವಳ ಅಳು ಕೇಳಿ ಜಯಮ್ಮ ಮೇಲೆ ಬಂದು ಬಾಗಿಲು ತಟ್ಟಿದಳು. "ಏನ್ ಗಂಗಣ್ಣ, ದಿನಾ ಮಗೂನ ಹೊಡೀತೀಯಾ?"

"ಇಲ್ಲ ಕಣಕ್ಕ, ಕಣ್ಣಿಗೆ ಪಟ್ಟಿ ಹಾಕ್ಬೇಕು."

"ಅದ್ಯಾಕ್ ಬೇಕು ಆ ಗೋಳು? ಮೆಳ್ಳೆಗಣ್ಣು ಅದೃಷ್ಟ ಕಣಪ್ಪ. ಬಿಟ್ಟಾಕು."

ಮರುದಿನದಿಂದ ಹತ್ತು ಗಂಟೆಗೆ ಕಿಟಕಿ ಮುಚ್ಚಿ ಪ್ಯಾಚ್ ಹಾಕತೊಡಗಿದೆ. ಕಿಟಕಿ ಮುಚ್ಚಿದ ಮನೆ, ಮಂಚದ ಕೆಳಗೆ ಮಗು, ಮಂಚದ ಪಕ್ಕ ನೆಲದ ಮೇಲೆ ನಾನು. ತುಮಕೂರು ರಸ್ತೆಯಲ್ಲಿ ಲಾರಿಗಳು ಹೋಗೋ ಸದ್ದು. ಎಷ್ಟೋ ದಿನ ಅವಳ ಜೊತೆ ನಾನೂ ಅತ್ತಿದ್ದೇನೆ. ಒಂದು ದಿನ ಹಾಕಲೇ ಇಲ್ಲ. ಸಂಜೆ ಮಂಜು ಕೇಳಿದಾಗ ಹಾಕಿದೆ ಅಂದೆ. ಆ ಸುಳ್ಳು ನನ್ನನ್ನು ಎರಡು ದಿನ ಉಣ್ಣಲು ಬಿಡಲಿಲ್ಲ. ಎಂಟು ತಿಂಗಳ ಮೇಲೆ ಇನ್ನೊಂದು ದಿನ ಕದ್ದೆನಲ್ಲ ಅನ್ನಿಸಿತು. ಮತ್ತೆ ಯಾವತ್ತೂ ತಪ್ಪಿಸಲಿಲ್ಲ.

ದಾರಿ ತೋರಿಸಿದ್ದು ಆಸ್ಪತ್ರೆಯ ಬೆಂಚಿನಲ್ಲಿ ಸಿಕ್ಕ ಒಬ್ಬ ಅಜ್ಜಿ. ಜಿಗಣಿಯವರು, ಮೂರು ಬಸ್ಸು ಬದಲಾಯಿಸಿ ಮೊಮ್ಮಗಳನ್ನು ಕರೆತಂದಿದ್ದರು. ಅವರ ಮಗು ಪ್ಯಾಚ್ ಹಾಕಿಕೊಂಡು ಆರಾಮಾಗಿ ಬಾಳೆಹಣ್ಣು ತಿನ್ನುತ್ತಾ ಕೂತಿತ್ತು. "ಅಕ್ಕ, ನಿಮ್ಮ ಮಗು ಅಳಲ್ವಾ?" ಅಂದೆ.

"ಅಳ್ದೇ ಇರ್ತದಾ ಅಣ್ಣ? ಆರು ವಾರ ನಮ್ಮನೇಲಿ ಯಾರಿಗೂ ನೆಮ್ಮದಿ ಇಲ್ಲ. ಕೊನೆಗೆ ನಾನೂ ಒಂದು ಅಂಟಿಸ್ಕೊಂಡು ಅದರ ಮುಂದೆ ಕೂತೆ. ನೀನು ಒಂಟಿಗಣ್ಣಿ, ನಾನು ಒಂಟಿಗಣ್ಣಿ ಅಂತ. ಆಮೇಲೆ ಸರಿಹೋಯ್ತು. ನೀವೂ ಮಾಡಿ ನೋಡಿ."

ಎಷ್ಟು ಸುಲಭವಾಗಿ ಹೇಳಿದರು! ನನಗೆ ಅವರ ಕಾಲಿಗೆ ಬೀಳೋಣ ಅನ್ನಿಸಿತು. ತಿಂಗಳುಗಟ್ಟಲೆ ಯಾರೂ ನನ್ನನ್ನು "ನೀವು ಹೇಗಿದೀರಿ" ಅಂತ ಕೇಳಿರಲಿಲ್ಲ. ಅವರು ಹೊರಡುವಾಗ, "ಅಣ್ಣ, ನೀವೂ ಸ್ವಲ್ಪ ಊಟ ಮಾಡಿ, ಸೊರಗೋಗಿದೀರಿ" ಅಂದರು.

ಮರುದಿನ ಹತ್ತು ಗಂಟೆಗೆ ಮಂಚದ ಮುಂದೆ ಕೂತು, "ಚಿನ್ನಿ, ಇವತ್ತು ತಾತನಿಗೆ ಪ್ಯಾಚು" ಅಂದೆ. ಮಂಚದ ಕೆಳಗಿಂದ ಮುಖ ಹೊರಗೆ ಬಂತು. ಅವಳದು ಬಲಗಣ್ಣು, ನಾನೂ ಬಲಗಣ್ಣಿಗೇ ಅಂಟಿಸಿಕೊಂಡೆ.

ಚಿನ್ನಿ ಕಾಣಲಿಲ್ಲ.

ಅಂದರೆ, ಏನೋ ಒಂದು ಅಲ್ಲಾಡುತ್ತಿತ್ತು. ಮೂಗು ಎಲ್ಲಿ, ಬಾಯಿ ಎಲ್ಲಿ ಗೊತ್ತಾಗಲಿಲ್ಲ. ಗೋಡೆ ಮೇಲಿನ ಕ್ಯಾಲೆಂಡರಿನಲ್ಲಿ ದೇವರಿದ್ದಾನೋ ಬಿಸ್ಕತ್ತಿದೆಯೋ ತಿಳಿಯಲಿಲ್ಲ. ಪ್ಯಾಚಿನಲ್ಲೇ ದೋಷ ಇರಬೇಕು ಅಂತ ತೆಗೆದು ನೋಡಿದೆ, ಎಲ್ಲಾ ಸ್ಪಷ್ಟ. ಮತ್ತೆ ಅಂಟಿಸಿದೆ, ಮತ್ತೆ ಮಸುಕು. ಅರವತ್ತನಾಲ್ಕು ವರ್ಷ ಈ ಎಡಗಣ್ಣು ನನ್ನ ಮುಖದಲ್ಲಿ ಸುಮ್ಮನೆ ಕೂತಿತ್ತು. ನನಗೇ ಗೊತ್ತಿರಲಿಲ್ಲ. ರಾಡ್ ನೋಡುವಾಗ ಯಾವಾಗಲೂ ಎಡಗಣ್ಣೇ ಮುಚ್ಚುತ್ತಿದ್ದೆ, ಬಲಗಣ್ಣು ಮುಚ್ಚಿದ ನೆನಪೇ ಇಲ್ಲ. ಚಿಕ್ಕಂದಿನಲ್ಲಿ ಮಾಕಳಿಯಲ್ಲಿ ಚೆಂಡಾಟಕ್ಕೆ ನನ್ನನ್ನು ಸೇರಿಸುತ್ತಿರಲಿಲ್ಲ, "ಕೈಗೆ ಬಂದ ಚೆಂಡೂ ಬಿಡ್ತಾನೆ" ಅಂತ. ಲೋಟ, ಪೆನ್ನು, ಡಬ್ಬ, ಏನೇ ಹಿಡಿಯೋಕೆ ಹೋದರೂ ಒಂದಿಷ್ಟು ಪಕ್ಕಕ್ಕೆ ಕೈ. ನಮ್ಮನೆಯವಳು "ಗಡಿಬಿಡಿ ಗಂಗಣ್ಣ" ಅಂತ ಬೈಯೋಳು. ಗಡಿಬಿಡಿ ಅಲ್ಲ ಕಣೇ ಅದು!

ನನ್ನಂಗೇ ನೋಡ್ತಾಳೆ, ನನ್ನಂಗೇ ನೋಡ್ತಾಳೆ ಅಂತ ಊರಿಗೆಲ್ಲಾ ಹೇಳಿಕೊಂಡು ಬಂದೆನಲ್ಲ. ನಿಜವನ್ನೇ ಹೇಳಿದ್ದೆ.

ಅಷ್ಟರಲ್ಲಿ ಕೆನ್ನೆ ಮೇಲೆ ಒಂದು ಪುಟ್ಟ ಕೈ ಬಂತು. ಚಿನ್ನಿ ಮಂಚದ ಕೆಳಗಿಂದ ಬಂದು ನನ್ನ ಪ್ಯಾಚ್ ಸವರುತ್ತಿದ್ದಳು. "ತಾತ, ಉರಿ?" ಅಂದಳು. "ಇಲ್ಲಮ್ಮ, ಉರಿ ಇಲ್ಲ" ಅಂದೆ. ಅವಳೇ ಡಬ್ಬ ತಂದು ಕೊಟ್ಟಳು.

ಅವತ್ತಿನಿಂದ ದಿನಾ ನಾವಿಬ್ಬರೂ ಪ್ಯಾಚ್ ಹಾಕಿಕೊಂಡು ಕೂತೆವು. ಹಳೇ ಶಾಪಿನಿಂದ ವಾಷರ್, ಅಂದರೆ ನಡುವೆ ತೂತಿರೋ ಕಬ್ಬಿಣದ ಬಿಲ್ಲೆ ತರಿಸಿ, ಹಗ್ಗಕ್ಕೆ ಪೋಣಿಸೋ ಕೆಲಸ ಕೊಟ್ಟೆ. ಬಾಯಿಗೆ ಹಾಕಿಕೊಳ್ಳದ ಹಾಗೆ ಪಕ್ಕದಲ್ಲೇ ಕಾವಲು. ಮೊದಲು ಬಳೆಯಷ್ಟು ದೊಡ್ಡವು. ಅವಳಿಗೂ ತೂತು ಸಿಗುತ್ತಿರಲಿಲ್ಲ, ನನಗೂ ಸಿಗುತ್ತಿರಲಿಲ್ಲ, ಇಬ್ಬರೂ ನಗುತ್ತಿದ್ದೆವು. ತಿಂಗಳುಗಳು ಹೋದಂತೆ ವಾಷರ್ ಸಣ್ಣಗಾದವು, ಹಗ್ಗ ಹೋಗಿ ದಾರ ಬಂತು. ಅವಳು ಪೋಣಿಸುತ್ತಾ ಮುಂದೆ ಹೋದಳು. ನಾನು ಬಳೆ ಗಾತ್ರದಲ್ಲೇ ಉಳಿದೆ. ಅದನ್ನು ನೋಡಿದಾಗ ಆಗೋ ಸಂತೋಷವನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ಹೇಳಬೇಕು ಅಂದರೆ ನನ್ನ ಕಣ್ಣಿನ ವಿಷಯವೂ ಹೇಳಬೇಕು. ಈ ರೋಗ ನಮ್ಮ ರಕ್ತದಿಂದಲೇ ಬಂತು ಅಂತ ತಿಳಿದರೆ ಸವಿತಾ ನನ್ನ ಮುಖ ನೋಡಿಯಾಳಾ? ಒಂದು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಮಗ ಸೊಸೆ ಬರೋ ಹೊತ್ತಿಗೆ ನನ್ನ ಪ್ಯಾಚ್ ಕಿತ್ತು, ಅಂಟಿನ ಗುರುತು ತೊಳೆದುಬಿಡುತ್ತಿದ್ದೆ.

ಸವಿತಾ ಮತ್ತೆ ಬಸುರಿ ಅನ್ನೋದು ಕೂಡ ನನಗೆ ಗೊತ್ತಾಗಿದ್ದು ಜಯಮ್ಮನಿಂದ. ಮೆಟ್ಟಿಲಲ್ಲಿ ಸಿಕ್ಕು, "ಏನ್ ಗಂಗಣ್ಣ, ಎರಡನೇದಂತೆ, ಸಿಹಿ ಕೊಡ್ಸಲ್ವಾ?" ಅಂದಳು. ಗೊತ್ತಿದ್ದವನ ಹಾಗೆ ನಕ್ಕು ಮೇಲೆ ಬಂದೆ.

ಈಗ ಇವತ್ತಿನ ಬೆಳಿಗ್ಗೆಗೆ ಬರುತ್ತೇನೆ. ಮಂಜು ಹಗಲು ಶಿಫ್ಟಿಗೆ ಹೋಗಿದ್ದ, ಆಸ್ಪತ್ರೆಗೆ ಹೋಗಿದ್ದು ಸವಿತಾ, ನಾನು, ಚಿನ್ನಿ. ಪ್ಯಾಚ್ ಸಾಕು ಅಂದಮೇಲೆ ಡಾಕ್ಟರಮ್ಮ ಸವಿತಾಳ ಹೊಟ್ಟೆ ನೋಡಿ, "ಓ, ಇನ್ನೊಂದು ಬರ್ತಿದೆ! ಮನೇಲಿ ಬೇರೆ ಯಾರಿಗೂ ಹೀಗಿಲ್ಲ ಅಂದಿದ್ರಿ ಅಲ್ವಾ?" ಅಂದರು.

"ಯಾರಿಗೂ ಇಲ್ಲ ಮೇಡಂ" ಅಂದಳು ಸವಿತಾ.

ಡಾಕ್ಟರಮ್ಮ ಫೈಲ್ ಮುಚ್ಚುತ್ತಿದ್ದರು. ಮುಚ್ಚಿಬಿಟ್ಟರೆ ಮುಗಿಯಿತು. ಬರೋ ಮಗುವನ್ನೂ ನಾನು ತಾರಸಿಗೆ ಕರೆದುಕೊಂಡು ಹೋಗುತ್ತೇನೆ, ಅದೂ ಬಿಸಿಲಿಗೆ ಕಣ್ಣು ಮುಚ್ಚಬಹುದು.

"ನಂಗೈತೆ ಮೇಡಂ" ಅಂದೆ. "ಎಡಗಣ್ಣು. ಹುಟ್ಟಿದಾಗಿಂದ್ಲೂ ಇರ್ಬೇಕು."

ನನ್ನನ್ನು ಚಿನ್ನಿ ಕೂತಿದ್ದ ಕುರ್ಚಿಯಲ್ಲೇ ಕೂರಿಸಿ, ಬಲಗಣ್ಣು ಮುಚ್ಚಿ ಚಿತ್ರ ತೋರಿಸಿದರು. ಎಲ್ಲಕ್ಕಿಂತ ದೊಡ್ಡದು. ಏನೋ ಮಸುಕು ಕಂಡಿತು, ಅಷ್ಟೇ. ಚಿನ್ನಿ ಕಿವಿ ಹತ್ತಿರ ಬಂದು, "ತಾತ, ಅದು ಮನೆ" ಅಂತ ಹೇಳಿಕೊಟ್ಟಳು. ಡಾಕ್ಟರಮ್ಮ ದೀಪ ಹಾಕಿದರು. "ನಿಮಗೆ ಚಿಕ್ಕವಯಸ್ಸಲ್ಲಿ ಮಾಡ್ಬೇಕಿತ್ತು ತಾತ. ಈಗ ಕಷ್ಟ. ಆದ್ರೆ ಹೇಳಿದ್ದು ಒಳ್ಳೇದಾಯ್ತು. ಬರೋ ಪಾಪೂನ ಮೊದಲನೇ ವರ್ಷದಲ್ಲೇ ಕರ್ಕೊಂಡ್ ಬನ್ನಿ."

ಮೆಟ್ರೋ ಸ್ಟೇಷನ್ನಿನವರೆಗೆ ಸವಿತಾ ಚಿನ್ನಿ ಕೈ ಹಿಡಿದು ಮುಂದೆ ಮುಂದೆ ನಡೆದಳು. ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತೆವು. ಒಂದು ರೈಲು ಬಂತು, ಹತ್ತಲಿಲ್ಲ. ಎರಡನೆಯದೂ ಹೋಯಿತು.

"ಇಷ್ಟು ವರ್ಷ ಒಂದೇ ಕಣ್ಣಲ್ಲಿ ನೋಡಿದ್ದಾ, ಮಾವ?"

ಒಂದೂವರೆ ವರ್ಷದ ಮೇಲೆ ಆ ಪದ ಕೇಳಿದೆ. ಹೂಂ ಅಂತ ತಲೆಯಾಡಿಸಿದೆ.

"ಹಂಗಾದ್ರೆ ಅವತ್ತು ನಾನು ಹೇಳ್ದಾಗ ನಿಮಗೆ ಅವಳ ಕಣ್ಣು ಪಕ್ಕಕ್ಕೆ ಹೋಗೋದು ಕಾಣಿಸ್ಲೇ ಇಲ್ವಾ?"

ಹೌದು ಅಂದುಬಿಟ್ಟಿದ್ದರೆ ಆಗುತ್ತಿತ್ತು. ಅವಳೇ ದಾರಿ ಬಿಟ್ಟುಕೊಟ್ಟಿದ್ದಳು.

"ಅಂಗಲ್ಲ ಕಣಮ್ಮ. ಕಾಣಿಸ್ತು. ನನ್ನಂಗೇ ಅವ್ಳೆ ಅನ್ನೋ ಖುಷಿಗೆ ನಿನ್ನ ಮಾತು ಕಿವಿಗೆ ಹಾಕ್ಕೊಳ್ಳಲಿಲ್ಲ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ, "ಮತ್ತೆ ದಿನಾ ಸಾಯಂಕಾಲ ನಿಮ್ಮ ಹುಬ್ಬು ಯಾಕೆ ಕೆಂಪಗಿರ್ತಿತ್ತು?" ಅಂದಳು. ನಾನು ಹೇಳೋ ಮೊದಲೇ ಚಿನ್ನಿ, "ತಾತನೂ ಪ್ಯಾಚು! ತಾತನಿಗೆ ವಾಷರ್ ಬರಲ್ಲ!" ಅಂತ ಸ್ಟೇಷನ್ನಿಗೆಲ್ಲ ಕೇಳೋ ಹಾಗೆ ಕೂಗಿದಳು. ಸವಿತಾ ಅಳುತ್ತಿದ್ದವಳು ನಕ್ಕಳು. ಮೂರನೇ ರೈಲು ಹತ್ತಿದೆವು.

ಸಂಜೆ ಮಂಜು ಬಂದಾಗ ಮನೆ ತುಂಬಾ ಅವರೆಕಾಳು ಸಾರಿನ ಘಮ. ಸವಿತಾ ಅಡುಗೆಮನೆ ಹೊಸ್ತಿಲಲ್ಲಿದ್ದ ನನ್ನ ಮಣೆ ಎತ್ತಿಕೊಂಡು ಬಂದು ನಡುಮನೆಯಲ್ಲಿ ಹಾಕಿದಳು. ಪಕ್ಕದಲ್ಲಿ ಮಂಜುವಿನದು, ಎದುರಿಗೆ ಅವಳದು. ಚಿನ್ನಿಗೆ ಮಣೆ ಬೇಕಾಗಿರಲಿಲ್ಲ, ನನ್ನ ತೊಡೆ ಮೇಲೆ ಬಂದು ಕೂತಳು. ಬಲಗಣ್ಣಿಗೆ ತಾನೇ ಅಂಗೈ ಅಡ್ಡ ಹಿಡಿದು, ಒಂದೊಂದೇ ತಟ್ಟೆ ತೋರಿಸಿ, "ಅಪ್ಪನ್ ಮುದ್ದೆ, ಅಮ್ಮನ್ ಮುದ್ದೆ, ತಾತನ್ ಮುದ್ದೆ, ನನ್ ಪುಟ್ಟ ಮುದ್ದೆ" ಅಂತ ಎಣಿಸಿದಳು. ಮಂಜು ಇನ್ನೂ ಏನೂ ಅರ್ಥವಾಗದೆ ನನ್ನ ಮುಖ, ಹೆಂಡತಿ ಮುಖ ನೋಡುತ್ತಿದ್ದ.

ಸವಿತಾ ನೀರಿನ ಲೋಟ ತಂದಳು. ಮೊದಲೆಲ್ಲ ಇಡುತ್ತಿದ್ದ ಹಾಗೆ ಎಡಗಡೆ ಇಡೋಕೆ ಬಗ್ಗಿದವಳು ನಿಂತಳು. ಸುತ್ತಿ ಬಂದು ನನ್ನ ಬಲಗಡೆ ಇಟ್ಟಳು.

"ತಿನ್ನಿ ಮಾವ, ಆರೋಗುತ್ತೆ" ಅಂದಳು.

ಎಲ್ಲರೂ ಒಟ್ಟಿಗೆ ಮುದ್ದೆ ಮುರಿದೆವು.